ಯುರೋಪಿನ ಹಳೆಯ ಬೇಟೆಗತ್ತಿಗಳು: ಗುರುತಿಸುವ ಮತ್ತು ಕಾಲ ನಿರ್ಣಯಿಸುವ ಕ್ರಮ

ಹಳೆಯ ಯುರೋಪಿಯನ್ ಬೇಟೆಗತ್ತಿ ಕೈಗೆ ಬಂದಾಗ ಹೆಚ್ಚಿನವರ ಕಣ್ಣು ಮೊದಲು ಹೋಗುವುದು ಅಲಗಿನ ಮೇಲಿನ ಬರಹದತ್ತ. ಅಲ್ಲಿ ಓಡುವ ತೋಳದ ಗೀಚು ಚಿತ್ರವೂ ಅದರ ಪಕ್ಕದಲ್ಲಿ 1414 ಎಂಬ ಅಂಕಿಯೂ ಕಂಡರೆ ಹದಿನೈದನೆಯ ಶತಮಾನದ ವಸ್ತುವೇ ಸಿಕ್ಕಿತೆಂದು ಸಂಭ್ರಮಿಸುವವರಿದ್ದಾರೆ, ಅದೇ ಮಾತು ಹೇಳಿ ಬೆಲೆ ಏರಿಸುವ ವ್ಯಾಪಾರಿಗಳೂ ಇದ್ದಾರೆ. ಆದರೆ ಆ ಅಂಕಿ ಇಸವಿಯಲ್ಲ. 1414, 1441, 1515 ಮುಂತಾದ ಅಂಕಿಗಳನ್ನು ಹದಿನೇಳು ಮತ್ತು ಹದಿನೆಂಟನೆಯ ಶತಮಾನದ ಅಲಗುಗಳ ಮೇಲೆ ಅದೃಷ್ಟದ ಅಥವಾ ರಕ್ಷೆಯ ಸಂಖ್ಯೆಗಳೆಂಬ ನಂಬಿಕೆಯಿಂದ ಕೆತ್ತುತ್ತಿದ್ದರು. ತೋಳದ ಗುರುತು ಮೂಲತಃ ದಕ್ಷಿಣ ಜರ್ಮನಿಯ ಪಾಸೌ ಊರಿನ ಕಮ್ಮಾರರದು. ಅದರ ಹೆಸರು ಹಬ್ಬಿದ ಮೇಲೆ ಕತ್ತಿ ತಯಾರಿಕೆಯ ಇನ್ನೊಂದು ಜರ್ಮನ್ ಊರಾದ ಸೋಲಿಂಗೆನ್‌ನ ಕಮ್ಮಾರರು ಯಾವ ಸಂಕೋಚವೂ ಇಲ್ಲದೆ ಅದನ್ನು ನಕಲು ಮಾಡಿದರು. ಹೀಗಾಗಿ ಬೇಟೆಗತ್ತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಮಾತನಾಡುವ ಭಾಗ ಅಲಗೇ ಆದರೂ ಎಲ್ಲಕ್ಕಿಂತ ಕಡಿಮೆ ನಂಬಬೇಕಾದ ಭಾಗವೂ ಅದೇ.

ಇದಕ್ಕೆ ಕಾರಣ ಈ ಕತ್ತಿಗಳು ತಯಾರಾಗುತ್ತಿದ್ದ ರೀತಿ. ಅಲಗನ್ನು ಸೋಲಿಂಗೆನ್‌ನಂಥ ಒಂದು ಊರಿನಲ್ಲಿ ಬಡಿದು ಮಾಡಿದರೆ ಹಿಡಿಯನ್ನು ಮತ್ತೊಂದು ಊರಿನ ಕುಶಲಕರ್ಮಿ ಕೂಡಿಸುತ್ತಿದ್ದ, ಒರೆಯನ್ನು ಚರ್ಮದ ಕೆಲಸದವನು ಹೊಲಿಯುತ್ತಿದ್ದ. ಒಳ್ಳೆಯ ಅಲಗು ದುಬಾರಿಯಾದ್ದರಿಂದ ಅಜ್ಜನ ಅಲಗಿಗೆ ಮೊಮ್ಮಗ ಹೊಸ ಹಿಡಿ ಹಾಕಿಸಿಕೊಂಡದ್ದೂ ಉಂಟು. ಆದ್ದರಿಂದ ಕೈಯಲ್ಲಿರುವುದು ಒಂದು ವಸ್ತುವಲ್ಲ, ಅಲಗು, ಹಿಡಿ, ಒರೆ ಎಂಬ ಮೂರು ವಸ್ತುಗಳು ಎಂದು ಎಣಿಸಿ ಪ್ರತಿಯೊಂದರ ಕಾಲವನ್ನೂ ಬೇರೆಬೇರೆಯಾಗಿ ನಿರ್ಣಯಿಸಬೇಕು. ಆಮೇಲೆ, ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಈಚಿನದೋ ಅದರ ಕಾಲಕ್ಕಿಂತ ಮುಂಚೆ ಈ ಜೋಡಣೆ ಆಗಿರಲಾರದು ಎಂಬ ನಿಯಮವನ್ನು ಅನ್ವಯಿಸಬೇಕು. ಮುಂದಿನ ಹೆಜ್ಜೆಗಳೆಲ್ಲ ಈ ಒಂದು ನಿಯಮದ ವಿಸ್ತರಣೆ.

ಮುಟ್ಟುವ ಮುನ್ನ

ಕತ್ತಿಯನ್ನು ಒರೆಸಿ ಹೊಳಪು ಮಾಡುವ ಆಸೆಯನ್ನು ಮೊದಲು ಬಿಡಬೇಕು. ಹಿಡಿಯ ಸಂದುಗಳಲ್ಲಿ ಕೂತ ಕೊಳೆ, ಹಿತ್ತಾಳೆಯ ಮೇಲಿನ ಕಂದು ಮಸುಕು, ಅಲಗು ಹಿಡಿಯೊಳಗೆ ಸೇರುವ ಜಾಗದ ತುಕ್ಕು ಎಲ್ಲವೂ ಸಾಕ್ಷ್ಯಗಳೇ. ಬ್ರಾಸೋ ಹಚ್ಚಿ ಉಜ್ಜಿದ ಮೇಲೆ ಅವು ಮರಳಿ ಬರುವುದಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಪುಟ್ಟ ಅಯಸ್ಕಾಂತ, ಅಳತೆಯ ಕ್ಯಾಲಿಪರ್, ಓರೆಯಾಗಿ ಬೆಳಕು ಬೀಳಿಸಬಲ್ಲ ಟಾರ್ಚ್ ಮತ್ತು ಹತ್ತಿಯ ಕೈಗವಸು ಇದ್ದರೆ ಸಾಕು. ಅಲಗಿನ ಉದ್ದ, ಬುಡದಲ್ಲಿ ಅದರ ಅಗಲ ಮತ್ತು ದಪ್ಪ, ಒಟ್ಟು ಉದ್ದ, ತೂಕ ಇಷ್ಟನ್ನೂ ಬರೆದಿಟ್ಟುಕೊಂಡು ಎರಡೂ ಬದಿಯ ಚಿತ್ರ ತೆಗೆಯಿರಿ. ಸವೆದುಹೋದ ಕೆತ್ತನೆಗಳು ನೇರ ಬೆಳಕಿನಲ್ಲಿ ಕಾಣುವುದಿಲ್ಲ, ಓರೆ ಬೆಳಕಿನ ಚಿತ್ರದಲ್ಲಿ ಎದ್ದು ಕಾಣುತ್ತವೆ.

ಮೊದಲ ಹೆಜ್ಜೆ: ಯಾವ ಜಾತಿಯ ಕತ್ತಿ?

ಜರ್ಮನ್ ಮಾತನಾಡುವ ನಾಡುಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿದ್ದದ್ದು ಹಿರ್ಷ್‌ಫೆಂಗರ್. ನಾಯಿಗಳ ಹಿಂಡು ಗಂಡು ಜಿಂಕೆಯನ್ನು ದಣಿಸಿ ಅಡ್ಡಗಟ್ಟಿದ ಮೇಲೆ ಬೇಟೆಗಾರನು ಹತ್ತಿರ ಹೋಗಿ ಕೊನೆಯ ಇರಿತ ಕೊಡುವುದಕ್ಕೆ ಬೇಕಾದ ನೀಳ ಕತ್ತಿ ಇದು. ಅಲಗು ನೇರವಾಗಿಯೋ ತುಸು ಬಾಗಿಯೋ ಇದ್ದು ಸುಮಾರು 40ರಿಂದ 70 ಸೆಂಟಿಮೀಟರ್ ಉದ್ದವಿರುತ್ತದೆ. ಒಂದೇ ಕಡೆ ಬಾಯಿ, ತುದಿಯಲ್ಲಿ ಮಾತ್ರ ಎರಡೂ ಕಡೆ ಹರಿತ. ಬಂದೂಕು ಸುಧಾರಿಸಿದಂತೆ ಇರಿತದ ಅಗತ್ಯ ಕುಗ್ಗಿ, ಹತ್ತೊಂಬತ್ತನೆಯ ಶತಮಾನದಲ್ಲಿ ಇದು ಅರಣ್ಯಾಧಿಕಾರಿಗಳ ಸಮವಸ್ತ್ರದ ಅಲಂಕಾರವಾಗಿ ಸ್ಥೂಲವಾಗಿ ಚಿಕ್ಕದಾಗುತ್ತ ಬಂತು. ಉದ್ದವೊಂದನ್ನೇ ಹಿಡಿದು ಕಾಲ ಹೇಳಲಾಗದಿದ್ದರೂ ಈ ಒಲವು ನೆನಪಿನಲ್ಲಿರಲಿ.

ಅಂಗೈ ಅಗಲದ ಭಾರವಾದ ಅಲಗಿದ್ದರೆ ಅದು ಬೇಟೆಯ ಪ್ರಾಣಿಯನ್ನು ಕೊಚ್ಚಿ ಪಾಲು ಮಾಡುವ ವೈಡ್‌ಬ್ಲಾಟ್. ಅದರ ಒರೆಯಲ್ಲೇ ಸಣ್ಣ ಚಾಕು, ಮುಳ್ಳುಚಮಚಗಳಿಗೆ ಜಾಗವಿರುತ್ತಿತ್ತು. ಬವೇರಿಯ, ಆಸ್ಟ್ರಿಯಗಳಲ್ಲಿ ಚರ್ಮದ ಚಡ್ಡಿಯ ಬದಿಯ ಜೇಬಿನಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದ ಗೇಣುದ್ದದ ಚಾಕು ಯಾಗ್ಡ್‌ನಿಕ್ಕರ್. ಫ್ರಾನ್ಸಿನದು ಕುಟೋ ದ ಶಾಸ್. ಇಂಗ್ಲೆಂಡಿನದು ಹ್ಯಾಂಗರ್, ಬೆಳ್ಳಿಯ ಅಳವಡಿಕೆ, ಹಸಿರು ಬಣ್ಣ ಕುಡಿಸಿದ ದಂತದ ಹಿಡಿ ಅದರಲ್ಲಿ ಸಾಮಾನ್ಯ, ಮತ್ತು ನೌಕಾಧಿಕಾರಿಗಳೂ ಇದನ್ನು ಸೊಂಟಕ್ಕೆ ಕಟ್ಟುತ್ತಿದ್ದರು. ಸ್ಪೇನಿನಲ್ಲಿ ಬಂದೂಕಿನ ನಳಿಗೆಯೊಳಗೆ ತುರುಕುವಂತೆ ಹಿಡಿ ಚೂಪಾಗುತ್ತ ಹೋದ ಬಯೋನೆಟ್ಟುಗಳನ್ನು, ಸೈನ್ಯ ಅವನ್ನು ಕೈಬಿಟ್ಟ ಎಷ್ಟೋ ಕಾಲದ ನಂತರವೂ ಹಂದಿಬೇಟೆಗೆ ಬಳಸಿದರು. ಇವನ್ನು ಹದಿನೇಳನೆಯ ಶತಮಾನದವೆಂದು ತಪ್ಪಾಗಿ ಗುರುತಿಸುವುದು ತುಂಬ ಸಾಮಾನ್ಯ. ಎಲೆಯಾಕಾರದ ತುದಿಯ ಹಿಂದೆ ಅಡ್ಡಗೂಟವಿರುವ ಹಂದಿಕತ್ತಿಗಳು ಮುಖ್ಯವಾಗಿ ಹದಿನಾರನೆಯ ಶತಮಾನದವು. ಅಂಥದ್ದು ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕರೆ ಅನುಮಾನಿಸುವುದೇ ವಿವೇಕ, ಏಕೆಂದರೆ ಅಸಲಿ ತುಂಡುಗಳ ಬಹುಪಾಲು ವಿಯೆನ್ನಾ, ಡ್ರೆಸ್ಡೆನ್‌ಗಳಂಥ ಅರಮನೆ ಸಂಗ್ರಹಗಳಲ್ಲಿವೆ.

ಎರಡನೆಯ ಹೆಜ್ಜೆ: ಅಲಗಿನ ಅಲಂಕಾರ ಮತ್ತು ಮುದ್ರೆ

ಅಲಂಕಾರವನ್ನು ಏನು ಚಿತ್ರಿಸಿದ್ದಾರೆ ಎಂಬುದಕ್ಕಿಂತ ಹೇಗೆ ಮಾಡಿದ್ದಾರೆ ಎಂಬ ದೃಷ್ಟಿಯಿಂದ ನೋಡಬೇಕು. ಜಿಂಕೆ, ಕಾಡುಹಂದಿ, ನಾಯಿ, ಕೊಂಬುಗಳ ನಡುವೆ ಶಿಲುಬೆ ಹೊತ್ತ, ಬೇಟೆಗಾರರ ರಕ್ಷಕನೆನಿಸಿದ ಸಂತ ಹ್ಯೂಬರ್ಟನ ಜಿಂಕೆ ಇವೆಲ್ಲ ಮುನ್ನೂರು ವರ್ಷ ಮರಳಿ ಮರಳಿ ಬಂದ ವಸ್ತುಗಳು. ತಂತ್ರವಾದರೋ ಕಾಲಕ್ಕೆ ಕಟ್ಟುಬಿದ್ದದ್ದು. ಉಳಿಯಿಂದ ಕೊರೆದ ಗೆರೆಯ ಅಂಚು ಚೂಪಾಗಿದ್ದು, ಗೆರೆಯ ಅಗಲ ಕೈ ಒತ್ತಿದಂತೆ ಏರುಪೇರಾಗುತ್ತದೆ. ಇದು ಹದಿನೆಂಟನೆಯ ಶತಮಾನದವರೆಗಿನ ಸಾಮಾನ್ಯ ಕೆಲಸ. ಕಡುನೀಲಿ ಹಿನ್ನೆಲೆಯ ಮೇಲೆ ಚಿನ್ನದ ಚಿತ್ರವಿರುವ ಅಲಗುಗಳು ಹೆಚ್ಚಾಗಿ ಹದಿನೆಂಟನೆಯ ಶತಮಾನದ ಕೊನೆ ಮತ್ತು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳ ಅಭಿರುಚಿ. ಆಮ್ಲದಿಂದ ಕೆತ್ತಿದ, ಬೂದು ಹಿನ್ನೆಲೆಯಲ್ಲಿ ಹೊಳೆಯುವ ಚಿತ್ರಗಳು ಒಂದೇ ಆಳದಲ್ಲಿ, ಅಚ್ಚೊತ್ತಿದಷ್ಟು ಕರಾರುವಾಕ್ಕಾಗಿ ಮರುಕಳಿಸಿದರೆ ಅದು ಹತ್ತೊಂಬತ್ತನೆಯ ಶತಮಾನದ ಮಧ್ಯದ ನಂತರದ ಕಾರ್ಖಾನೆಯ ಕೆಲಸ ಎಂದು ತಿಳಿಯಬಹುದು.

ಬರಹಗಳಲ್ಲಿ ಕೆಲವು ನಿಜಕ್ಕೂ ನೆರವಾಗುತ್ತವೆ. ಆಸ್ಟ್ರಿಯದ ರಾಣಿ ಮರಿಯಾ ತೆರೇಸಾಳಿಗೆ ಜಯಘೋಷವಿದ್ದರೆ ಅಲಗು ಅವಳು ಪಟ್ಟಕ್ಕೆ ಬಂದ 1740ಕ್ಕಿಂತ ಹಿಂದಿನದಾಗಿರಲಾರದು. ಕಿರೀಟದಡಿಯ ಎ ಮತ್ತು ಆರ್ ಅಕ್ಷರಗಳ ಹೆಣಿಗೆ ಸ್ಯಾಕ್ಸನಿಯ ಅಗಸ್ಟಸ್‌ನದಾದರೆ, ಅವನು ಪೋಲೆಂಡಿನ ರಾಜನಾದ 1697ರ ನಂತರದ್ದು. ಇವೆಲ್ಲ ಕೆಳಗಿನ ಗಡಿಯನ್ನಷ್ಟೇ ಕೊಡುತ್ತವೆ, ಮೇಲಿನ ಗಡಿಯನ್ನಲ್ಲ. ಕತ್ತಿಗೆ ಹೆಸರಾದ ಟೊಲೆಡೊ ಊರಿನ, ಸಾಹಗುನ್, ಆಂಡ್ರಿಯಾ ಫೆರಾರಾ ಎಂಬ ಪ್ರಸಿದ್ಧ ಕಮ್ಮಾರರ ಹೆಸರುಗಳನ್ನು ಕಂಡು ಸ್ಪೇನಿನದೆಂದೋ ಇಟಲಿಯದೆಂದೋ ತೀರ್ಮಾನಿಸಬಾರದು. ಕಾಗುಣಿತ ತಪ್ಪಾಗಿದ್ದರಂತೂ ಅದು ಸೋಲಿಂಗೆನ್‌ನದೇ ಆಗಿರುವ ಸಂಭವ ಹೆಚ್ಚು.

ಕಾರ್ಖಾನೆಯ ಮುದ್ರೆಗಳು ಬಂದ ಮೇಲೆ ಕೆಲಸ ಹಗುರವಾಗುತ್ತದೆ. ರಾಜನ ತಲೆಯ ಮುದ್ರೆ ಒಂದೇ ಇದ್ದರೆ ಅದು ಹಳೆಯ ವುಂಡೆಸ್ ಮನೆತನದ್ದೂ ಆಗಿರಬಹುದು, ಆಮೇಲಿನ ವೈಯರ್ಸ್‌ಬೆರ್ಗ್ ಮನೆತನದ್ದೂ ಆಗಿರಬಹುದು. ಆದರೆ ರಾಜನ ತಲೆ ಮತ್ತು ಶಿರಸ್ತ್ರಾಣ ತೊಟ್ಟ ಯೋಧನ ತಲೆ ಎರಡೂ ಅಕ್ಕಪಕ್ಕದಲ್ಲಿದ್ದರೆ, ವೈಯರ್ಸ್‌ಬೆರ್ಗ್ ಮತ್ತು ಕಿರ್ಷ್‌ಬಾಮ್ ಸಂಸ್ಥೆಗಳು ಒಂದಾದ 1883ರ ನಂತರದ್ದೆಂದು ನಿಶ್ಚಿಂತೆಯಿಂದ ಬರೆಯಬಹುದು. ಅಳಿಲಿನ ಮುದ್ರೆಯ ಕಾರ್ಲ್ ಐಕ್‌ಹಾರ್ನ್ ಸಂಸ್ಥೆ ಶುರುವಾದದ್ದು 1865ರಲ್ಲಿ. ಹೆಂಕೆಲ್ಸ್‌ನ ಜೋಡಿ ಗೊಂಬೆ 1731ರಲ್ಲೇ ನೋಂದಾಯಿತವಾದ್ದರಿಂದ ಅದೊಂದೇ ಕಾಲ ಹೇಳುವುದಿಲ್ಲ. ಫ್ರಾನ್ಸಿನ ಅಲಗುಗಳಲ್ಲಿ 1730ರಲ್ಲಿ ಸ್ಥಾಪನೆಯಾದ ಕ್ಲಿಂಗೆನ್‌ಥಾಲ್ ಕಾರ್ಖಾನೆಯ ಹೆಸರು ಅಲಗಿನ ಬೆನ್ನ ಮೇಲಿರುತ್ತದೆ. ಅದರ ಮುಂದೆ ‘ರಾಯಲ್’ ಇದೆಯೋ ‘ಇಂಪೀರಿಯಲ್’ ಇದೆಯೋ ಎಂಬುದರಿಂದ ಅರಸರ ಕಾಲವೋ ನೆಪೋಲಿಯನ್ನರ ಕಾಲವೋ ಎಂಬುದು ತಿಳಿಯುತ್ತದೆ.

ಮೂರನೆಯ ಹೆಜ್ಜೆ: ಹಿಡಿಯ ಲೋಹ

ಕಾಲನಿರ್ಣಯದ ನಿಜವಾದ ಕೀಲಿ ಇರುವುದು ಇಲ್ಲಿ. ಹಿತ್ತಾಳೆ, ಬೆಳ್ಳಿ, ಉಕ್ಕು ಇವು ಎಲ್ಲ ಕಾಲದಲ್ಲೂ ಇದ್ದವು. ಆದರೆ ನಮ್ಮ ಮನೆಗಳ ಅರಿಸಿನ ಕುಂಕುಮದ ಬಟ್ಟಲುಗಳಿಂದ ಪರಿಚಿತವಾದ ಜರ್ಮನ್ ಸಿಲ್ವರ್, ಅಂದರೆ ತಾಮ್ರ, ನಿಕಲ್ ಮತ್ತು ಸತುವಿನ ಮಿಶ್ರಲೋಹ, ಜರ್ಮನಿಯಲ್ಲಿ ತಯಾರಾಗತೊಡಗಿದ್ದು 1820ರ ದಶಕದಲ್ಲಿ. ಅದಕ್ಕೆ ಮುಂಚೆ ಚೀನಾದಿಂದ ಬರುತ್ತಿದ್ದ ಅಂಥದೇ ಲೋಹ ಯುರೋಪಿನಲ್ಲಿ ವಿರಳವಾಗಿತ್ತು. ಆದ್ದರಿಂದ ಬೆಳ್ಳಿಯಂತೆ ಕಂಡರೂ ಬೆಳ್ಳಿಯ ಮುದ್ರೆಯಿಲ್ಲದ, ಸವೆದ ಕಡೆ ತುಸು ಹಳದಿ ಛಾಯೆ ತೋರುವ ಅಡ್ಡಪಟ್ಟಿ (ಅಲಗು ಮತ್ತು ಹಿಡಿಯ ನಡುವಿನ ಅಡ್ಡ ಲೋಹ) ಇದ್ದರೆ ‘ಹದಿನೆಂಟನೆಯ ಶತಮಾನದ ಹಿಡಿ’ ಎಂಬ ಮಾತನ್ನು ಅಲ್ಲಿಗೇ ಬಿಡಬಹುದು.

ಮೇಲ್ಮೈಯ ಲೇಪನವೂ ಹೀಗೆಯೇ. ಪಾದರಸದೊಂದಿಗೆ ಕಾಯಿಸಿ ಹಚ್ಚಿದ ಹಳೆಯ ಚಿನ್ನದ ಲೇಪ ದಪ್ಪವಾಗಿದ್ದು, ಎಲ್ಲ ಕಡೆ ಸವೆದರೂ ಚಿಪ್ಪಿನಾಕಾರದ ಕೈಕಾಪಿನ (ಹಿಡಿದ ಕೈಗೆ ರಕ್ಷಣೆಯಾದ ತಗಡಿನ) ಒಳಮೂಲೆಗಳಲ್ಲಿ ಬೆಚ್ಚನೆಯ ಹಳದಿಯಾಗಿ ಉಳಿದಿರುತ್ತದೆ. ವಿದ್ಯುತ್ ಲೇಪನಕ್ಕೆ ಇಂಗ್ಲೆಂಡಿನ ಎಲ್ಕಿಂಗ್ಟನ್ ಪೇಟೆಂಟ್ ಪಡೆದದ್ದು 1840ರಲ್ಲಿ. ಆ ಲೇಪ ಎಲ್ಲ ಕಡೆ ಒಂದೇ ಸಮನಾಗಿ ತೆಳುವಾಗಿದ್ದು ಉಬ್ಬುಗಳ ತುದಿಯಲ್ಲಿ ಮೊದಲು ಹೋಗುತ್ತದೆ. ಕೈಗೆತ್ತಿಕೊಂಡರೆ ಹಗುರ, ಮುರಿದ ಕಡೆ ಬೂದು, ಅಚ್ಚಿನ ಸೀಳುಗೆರೆ ಸ್ಪಷ್ಟ ಎಂಬಂತಿದ್ದರೆ ಅದು ಸತುವಿನ ಎರಕ, ಬಹುತೇಕ ಇಪ್ಪತ್ತನೆಯ ಶತಮಾನದ ಅಲಂಕಾರದ ಸಾಮಾನು.

ನಿಜವಾದ ಬೆಳ್ಳಿಯಾದರೆ ಸರ್ಕಾರಗಳೇ ನಮಗಾಗಿ ಇಸವಿ ಬರೆದಿಟ್ಟಿವೆ. ಲಂಡನ್ನಿನ ಚಿರತೆ ತಲೆಯ ಮೇಲೆ ಕಿರೀಟವಿದ್ದರೆ 1821ಕ್ಕೆ ಮುಂಚಿನದು. ಪಕ್ಕದಲ್ಲಿ ದೊರೆಯ ತಲೆಯ ಸುಂಕದ ಮುದ್ರೆಯಿದ್ದರೆ 1784ರ ನಂತರದ್ದು. ವರ್ಷಾಕ್ಷರ ಓದಲು ಬಂದರೆ ವರ್ಷವೇ ಸಿಕ್ಕಿಬಿಡುತ್ತದೆ. ಫ್ರಾನ್ಸಿನ ಮಿನರ್ವಾ ದೇವಿಯ ತಲೆ 1838ರಿಂದ ಈಚೆಗೆ. ಆಸ್ಟ್ರಿಯ-ಹಂಗರಿಯ ಬೆಳ್ಳಿಗೆ 1867ರಿಂದ 1922ರವರೆಗೆ ಒತ್ತುತ್ತಿದ್ದದ್ದು ಬೇಟೆಯ ದೇವತೆ ಡಯಾನಾಳ ತಲೆಯನ್ನು. ಬೇಟೆಗತ್ತಿಗೆ ಇದಕ್ಕಿಂತ ತಕ್ಕ ಮುದ್ರೆ ಬೇರಿಲ್ಲ. ಜರ್ಮನಿಯಲ್ಲಿ ಬೆಳ್ಳಿಯ ಶುದ್ಧತೆ ಸೂಚಿಸುವ 800ರ ಅಂಕಿಯೊಂದಿಗೆ ಅರ್ಧಚಂದ್ರ ಮತ್ತು ಕಿರೀಟ ಕಂಡರೆ 1888ರ ನಂತರದ್ದು.

ಶೈಲಿಯನ್ನು ಇಷ್ಟಾದ ಮೇಲಷ್ಟೇ ನೋಡಬೇಕು. ಎಡಬಲ ಹೊಂದದ ಸುರುಳಿ ಚಿಪ್ಪುಗಳ ರೊಕೊಕೊ ಕೈಕಾಪು ಸುಮಾರು 1730ರಿಂದ 1770ರ ರುಚಿ. ಅದರ ನಂತರ ನೇರ ಗೆರೆ, ಕಲಶದಂಥ ಹಿಡಿಶಿರಗಳು ಬಂದವು. 1815ರ ಬಳಿಕ ಓಕ್ ಎಲೆ ಮತ್ತು ಓಕ್ ಕಾಯಿಗಳು ಹೇರಳವಾದವು. ಅಡ್ಡಪಟ್ಟಿಯ ತುದಿಗಳು ಜಿಂಕೆಯ ಗೊರಸಿನಂತಿರುವುದು ಹದಿನೆಂಟನೆಯ ಶತಮಾನದಿಂದ ಇಪ್ಪತ್ತನೆಯದರವರೆಗೂ ನಡೆದು ಬಂದದ್ದರಿಂದ ಅದರಿಂದ ಕಾಲ ತಿಳಿಯುವುದಿಲ್ಲ. 1848ರ ಕ್ರಾಂತಿಯಲ್ಲಿ ಜರ್ಮನ್ ರಾಜ್ಯಗಳ ಶ್ರೀಮಂತ ವರ್ಗ ಪರರ ಭೂಮಿಯಲ್ಲಿ ಬೇಟೆಯಾಡುವ ಹಕ್ಕನ್ನು ಕಳೆದುಕೊಂಡಿತು. ಆಮೇಲೆ ಮಧ್ಯಮ ವರ್ಗದ ಬೇಟೆಗಾರರು ಹೆಚ್ಚಿದರು. ಅರಮನೆಯ ಲಾಂಛನವಿಲ್ಲದ, ಸಾಧಾರಣ ಗುಣಮಟ್ಟದ ಹಿರ್ಷ್‌ಫೆಂಗರ್‌ಗಳು ಇಂದು ಅಷ್ಟೊಂದು ಸಿಗುವುದಕ್ಕೆ ಇದೂ ಒಂದು ಕಾರಣ.

ನಾಲ್ಕನೆಯ ಹೆಜ್ಜೆ: ಹಿಡಿಯ ಮೈ

ಜಿಂಕೆಯ ಕೊಂಬು, ಎಲುಬು, ದಂತ, ಕರಿಮರ, ಆಮೆಚಿಪ್ಪು, ಪಿಂಗಾಣಿ ಇವು ಸಾಮಾನ್ಯ ವಸ್ತುಗಳು. ಪಿಂಗಾಣಿಯಿದ್ದರೆ ಗಡಿ ತಾನಾಗಿಯೇ ಬೀಳುತ್ತದೆ, ಏಕೆಂದರೆ ಯುರೋಪಿನ ಮೊದಲ ಗಟ್ಟಿ ಪಿಂಗಾಣಿ ಕಾರ್ಖಾನೆ ಮೈಸೆನ್‌ನಲ್ಲಿ ಶುರುವಾದದ್ದು 1710ರಲ್ಲಿ. ದಂತವನ್ನು ಎಲುಬಿನಿಂದ ಬೇರ್ಪಡಿಸಲು ಕೊನೆಯ ಅಡ್ಡಕೊಯ್ತವನ್ನು ಭೂತಗನ್ನಡಿಯಲ್ಲಿ ನೋಡಬೇಕು: ಆನೆದಂತದಲ್ಲಿ ಒಂದನ್ನೊಂದು ಹಾಯುವ ಬಾಗುಗೆರೆಗಳ ಬಲೆಯಿದ್ದರೆ ಎಲುಬಿನಲ್ಲಿ ಕಪ್ಪು ಚುಕ್ಕೆಗಳೂ ಸಣ್ಣ ಗೀರುಗಳೂ ಇರುತ್ತವೆ. ಸಮಾಂತರ ಗೆರೆಗಳು ಯಂತ್ರ ಎಳೆದಂತೆ ಒಪ್ಪವಾಗಿದ್ದರೆ ಅದು ಸೆಲ್ಯುಲಾಯ್ಡ್, ಅಂದರೆ 1870ರ ದಶಕದ ನಂತರದ್ದು. ಕೆಲವರು ಕಾದ ಸೂಜಿ ಚುಚ್ಚಿ ಪರೀಕ್ಷಿಸಲು ಹೇಳುತ್ತಾರೆ. ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಆ ಸಲಹೆಯನ್ನು ಪಾಲಿಸಬೇಡಿ. ಕಪ್ಪು ಬೇಕಲೈಟ್ ಹಿಡಿ ಇಪ್ಪತ್ತನೆಯ ಶತಮಾನದ್ದೇ.

ಕೊಂಬಿನ ವಿಷಯದಲ್ಲಿ ನಮ್ಮ ನಾಡಿನ ನಂಟೊಂದಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಚಾಕು ತಯಾರಕರು ಹಿಡಿಗಳಿಗೆ ಭಾರತದ ಕಡವೆಯ ಕೊಂಬನ್ನು ಅಪಾರವಾಗಿ ತರಿಸಿಕೊಳ್ಳುತ್ತಿದ್ದರು. ಕಡವೆಯ ಕೊಂಬು ಒಳಗೆ ಹೆಚ್ಚು ಗಟ್ಟಿ, ಯುರೋಪಿನ ಕೆಂಜಿಂಕೆಯದರಲ್ಲಿ ನಡುವಿನ ಮೆದು ಭಾಗ ಹೆಚ್ಚು. ಹಿಡಿಯ ಕೊನೆ ತೆರೆದಿದ್ದರೆ ಈ ವ್ಯತ್ಯಾಸ ಕಾಣುತ್ತದೆ, ಮತ್ತು ಕಡವೆಯ ಕೊಂಬು ಕಂಡರೆ ಹಿಡಿಯ ಕಾಲವನ್ನು ಹತ್ತೊಂಬತ್ತನೆಯ ಶತಮಾನದ ಈಚೆಗೆ ಹುಡುಕುವುದು ಲೇಸು.

ಐದನೆಯ ಹೆಜ್ಜೆ: ಜೋಡಣೆ

ಅಲಗಿನ ಬಾಲ ಹಿಡಿಯನ್ನು ಹಾಯ್ದು ಶಿರದ ಮೇಲೆ ಹೊರಬಂದು ಸುತ್ತಿಗೆಯಿಂದ ತಟ್ಟಿ ಅಗಲಿಸಿದ ಗುಂಡಿಯಾಗಿದ್ದರೆ ಅದು ಹಳೆಯ ಕ್ರಮ. ಆ ಗುಂಡಿಯ ಮಸುಕು ಸುತ್ತಲ ಲೋಹದ ಮಸುಕಿಗೆ ಹೊಂದುತ್ತದೆಯೇ, ಅಥವಾ ಹೊಸ ಸುತ್ತಿಗೆಯ ಗುರುತೂ ಅರದ ಗೆರೆಯೂ ಕಾಣುತ್ತವೆಯೇ ಎಂಬುದನ್ನು ನಿಧಾನವಾಗಿ ನೋಡಿ. ಒಮ್ಮೆ ಬಿಚ್ಚಿ ಕೂಡಿಸಿದ ಕತ್ತಿ ಇಲ್ಲಿ ಸಿಕ್ಕಿಬೀಳುತ್ತದೆ. ತಿರುಪುಗಳಿದ್ದರೆ ಅವುಗಳ ಸೀಳು ನಡುವಿನಿಂದ ಸರಿದಿದ್ದು ಎಳೆಗಳು ಅಸಮವಾಗಿರುವುದು ಕೈಕೆಲಸದ ಲಕ್ಷಣ. ಕೂಡುಗುರುತಿನ ತಲೆಯ ತಿರುಪು 1930ರ ದಶಕಕ್ಕಿಂತ ಹಿಂದಿನದಲ್ಲ. ಅಲಗಿನ ಬುಡಕ್ಕೂ ಕೈಕಾಪಿನ ಸೀಳಿಗೂ ನಡುವೆ ಸಂದು ಬಿಟ್ಟು ಅಲ್ಲಿ ಮೇಣವನ್ನೋ ಅಂಟನ್ನೋ ತುಂಬಿದ್ದರೆ ಅವೆರಡೂ ಹುಟ್ಟಿನಿಂದ ಜೊತೆಗಾರರಲ್ಲ.

ಒರೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಚರ್ಮದ ಹಿಂಬದಿಯ ಹೊಲಿಗೆ ಯಂತ್ರದ್ದಾದರೆ 1850ರ ದಶಕದ ನಂತರದ್ದು. ಬಾಯಿಪಟ್ಟಿ ಮತ್ತು ತುದಿಪಟ್ಟಿಗಳ ಕೆತ್ತನೆ ಹಿಡಿಯ ಕೆತ್ತನೆಗೆ ಹೊಂದಿದರೆ ಸಂತೋಷ. ಹೊಂದದಿದ್ದರೂ ಕಳವಳ ಬೇಡ. ಚರ್ಮ ಹಾಳಾದಾಗ ಒರೆ ಬದಲಿಸುವುದು ಸಹಜವಾಗಿತ್ತು.

ಆರನೆಯ ಹೆಜ್ಜೆ: ಕಾನೂನಿನ ಬರಹಗಳು

ಅಲಗಿನ ಬುಡದಲ್ಲಿ ಸಣ್ಣಕ್ಷರದಲ್ಲಿರುವ, ಯಾರೂ ಗಮನ ಕೊಡದ ಬರಹಗಳು ಹೆಚ್ಚು ಪ್ರಾಮಾಣಿಕ. ದೇಶದ ಹೆಸರು ಇಂಗ್ಲಿಷಿನಲ್ಲಿ ‘ಜರ್ಮನಿ’ ಎಂದಿದ್ದರೆ, ಬ್ರಿಟನ್ನಿನ 1887ರ ಸರಕು ಗುರುತಿನ ಕಾಯಿದೆಯ ಅಥವಾ 1891ರಲ್ಲಿ ಜಾರಿಗೆ ಬಂದ ಅಮೆರಿಕದ ನಿಯಮದ ಒತ್ತಡದಿಂದ ಹಾಕಿದ್ದು. ‘ಡಿ.ಆರ್.ಜಿ.ಎಂ.’ ಎಂಬ ನೋಂದಣಿಯ ಗುರುತು 1891ರ ನಂತರದ್ದು. ತುಕ್ಕು ಹಿಡಿಯದು ಎಂಬರ್ಥದ ‘ರೊಸ್ಟ್‌ಫ್ರೈ’ ಎಂಬ ಮುದ್ರೆ ಮೊದಲ ಮಹಾಯುದ್ಧದ ಹೊತ್ತಿಗೆ ಸ್ಟೇನ್‌ಲೆಸ್ ಉಕ್ಕು ಬಂದ ಬಳಿಕ ಮಾತ್ರ ಸಾಧ್ಯ. ಪಶ್ಚಿಮ ಜರ್ಮನಿಯ ಹೆಸರಿದ್ದರೆ 1949ರಿಂದ 1990ರ ನಡುವಿನದು. ಶೆಫೀಲ್ಡಿನ ಜೋಸೆಫ್ ರಾಜರ್ಸ್ ಚಾಕುಗಳಲ್ಲಿ ಕಿರೀಟದ ಎರಡು ಪಕ್ಕದಲ್ಲಿ ವಿ ಮತ್ತು ಆರ್ ಅಕ್ಷರಗಳಿದ್ದರೆ 1837ರಿಂದ 1901ರವರೆಗಿನ ವಿಕ್ಟೋರಿಯಾ ಕಾಲದ್ದು.

ನಕಲು ಮತ್ತು ಮರುಸೃಷ್ಟಿ

ಎಲ್ಲ ನಕಲೂ ಮೋಸದ ಉದ್ದೇಶದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಶ್ರೀಮಂತರ ಬೇಟೆಮನೆಗಳ ಗೋಡೆ ಅಲಂಕರಿಸಲು ಪುನರುಜ್ಜೀವನ ಕಾಲದ ಮಾದರಿಯ ಆಯುಧಗಳನ್ನು ಮ್ಯೂನಿಕ್‌ನ ಅರ್ನ್ಸ್ಟ್ ಸ್ಮಿಟ್‌ನಂಥವರು ಬಹಿರಂಗವಾಗಿಯೇ ತಯಾರಿಸುತ್ತಿದ್ದರು. ಅವುಗಳಿಗೇ ಈಗ ನೂರು ವರ್ಷ ದಾಟಿದ್ದು ಮಸುಕೂ ತುಕ್ಕೂ ಅಸಲಿಯಾಗಿವೆ. ಅಲ್ಲಿ ನೆರವಾಗುವುದು ಸವೆತದ ತರ್ಕ: ಹೆಬ್ಬೆರಳು ಕೂರುವ ಕಡೆ ಕೆತ್ತನೆ ನಯವಾಗಿರಬೇಕು, ಸಾಣೆ ಹಿಡಿದು ಹಿಡಿದು ಅಲಗು ತುಸು ಕಿರಿದಾಗಿರಬೇಕು. ಗೋಡೆಯ ಮೇಲೆ ತೂಗಿದ್ದ ಕತ್ತಿಗೆ ಇವೆರಡೂ ಇರುವುದಿಲ್ಲ. ಎರಕದ ನಕಲಿನಲ್ಲಿ ಜಿಂಕೆಯ ಕಣ್ಣು, ನಾಯಿಯ ಕೂದಲು ಮುಂತಾದ ಸೂಕ್ಷ್ಮಗಳು ಸವೆತವಿಲ್ಲದ ಮೂಲೆಯಲ್ಲೂ ಮಬ್ಬಾಗಿರುತ್ತವೆ. ಆಮ್ಲದಲ್ಲಿ ಅದ್ದಿ ತಂದ ತುಕ್ಕು ಎಲ್ಲ ಕಡೆ ಒಂದೇ ಬಣ್ಣದ್ದು. ನಾತ್ಸಿ ಆಡಳಿತ 1934ರಲ್ಲಿ ಬೇಟೆ ಕಾನೂನು ತಂದ ಮೇಲೆ ಬಂದ ಸ್ವಸ್ತಿಕ ಮತ್ತು ಜಿಂಕೆ ತಲೆಯ ಸಮವಸ್ತ್ರ ಕತ್ತಿಗಳನ್ನು ಅತ್ಯಂತ ಹೆಚ್ಚು ನಕಲು ಮಾಡುತ್ತಾರೆ. ಹೊಸಬರು ಅವುಗಳಿಂದ ದೂರವಿರುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಒಂದು ಉದಾಹರಣೆ

ಓಡುವ ತೋಳ ಮತ್ತು 1414ರ ಅಲಗು, ಹಂದಿಬೇಟೆಯ ಉಬ್ಬುಚಿತ್ರವಿರುವ ರೊಕೊಕೊ ಹಿತ್ತಾಳೆ ಚಿಪ್ಪು, ಅದರ ಒಳಮೂಲೆಯಲ್ಲಿ ದಪ್ಪ ಚಿನ್ನದ ಲೇಪದ ಅವಶೇಷ, ಕೊಂಬಿನ ಹಿಡಿ, ಯಾರೂ ಮುಟ್ಟದ ಗುಂಡಿ, ಜರ್ಮನ್ ಸಿಲ್ವರ್ ತುದಿಯ ಯಂತ್ರಹೊಲಿಗೆಯ ಒರೆ ಇಷ್ಟೂ ಒಂದೇ ಕತ್ತಿಯಲ್ಲಿವೆ ಎಂದಿಟ್ಟುಕೊಳ್ಳಿ. ತೋಳ ಮತ್ತು ಅಂಕಿ ಅಲಗನ್ನು ಹದಿನೇಳು ಅಥವಾ ಹದಿನೆಂಟನೆಯ ಶತಮಾನಕ್ಕೆ ತರುತ್ತವೆ. ಚಿಪ್ಪು ಮತ್ತು ಲೇಪ ಹಿಡಿಯನ್ನು 1730ರಿಂದ 1770ರ ನಡುವೆ ನಿಲ್ಲಿಸುತ್ತವೆ. ಗುಂಡಿ ಹಳೆಯದೇ ಆದ್ದರಿಂದ ಇವೆರಡೂ ಕೂಡಿದ್ದು ಆಗಲೇ. ಒರೆ ಮಾತ್ರ 1850ರ ನಂತರದ್ದು, ಅಂದರೆ ಮೂರು ನಾಲ್ಕು ತಲೆಮಾರು ಈ ಕತ್ತಿಯನ್ನು ಬಳಸಿದ್ದಾರೆ. ಇದೇ ಕತ್ತಿಯಲ್ಲಿ ಅಡ್ಡಪಟ್ಟಿಯೂ ಜರ್ಮನ್ ಸಿಲ್ವರ್ ಆಗಿದ್ದು ಗುಂಡಿಯಲ್ಲಿ ಹೊಸ ಅರದ ಗೆರೆ ಕಂಡಿದ್ದರೆ ತೀರ್ಮಾನ ಪೂರ್ತಿ ಬೇರೆಯಾಗುತ್ತಿತ್ತು.

ಭಾರತದಲ್ಲಿ ಇಂಥ ವಸ್ತುವನ್ನು ಇಟ್ಟುಕೊಳ್ಳುವವರು ಮೂರು ಕಾಯಿದೆಗಳನ್ನು ಗಮನಿಸಬೇಕು. ಒಂಬತ್ತು ಅಂಗುಲಕ್ಕಿಂತ ಉದ್ದದ ಅಲಗು 1959ರ ಆಯುಧ ಕಾಯಿದೆಯಡಿಯ ನಿಯಮಗಳ ಪಟ್ಟಿಗೆ ಬರುತ್ತದೆ. ಪರವಾನಗಿ ಬೇಕೇ ಎಂಬುದು ಆಯಾ ಪ್ರದೇಶದ ಅಧಿಸೂಚನೆಯನ್ನು ಅವಲಂಬಿಸಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ದಂತದ ಮತ್ತು ಕಡವೆ ಕೊಂಬಿನ ಹಿಡಿಗೂ ತಟ್ಟುತ್ತದೆ, ಅದರಲ್ಲೂ ದಂತದ ಮಾರಾಟ ನಿಷಿದ್ಧ. ನೂರು ವರ್ಷ ದಾಟಿದ ವಸ್ತುವನ್ನು ಹೊರದೇಶಕ್ಕೆ ಕಳಿಸುವ ಮುನ್ನ 1972ರದೇ ಪ್ರಾಚ್ಯವಸ್ತು ಕಾಯಿದೆ ಅಡ್ಡ ಬರುತ್ತದೆ. ಕೊಳ್ಳುವ ಮೊದಲು ವಕೀಲರನ್ನೋ ಅರಣ್ಯ ಇಲಾಖೆಯನ್ನೋ ಕೇಳಿ, ರಸೀದಿಯನ್ನು ಜೋಪಾನ ಮಾಡಿ.

ಕೊನೆಗೆ ಕತ್ತಿಯ ವಿವರಚೀಟಿ. ‘ಹದಿನೆಂಟನೆಯ ಶತಮಾನದ ಜರ್ಮನ್ ಬೇಟೆಗತ್ತಿ’ ಎಂದು ಒಂದೇ ಸಾಲಿನಲ್ಲಿ ಮುಗಿಸದೆ, ಅಲಗು, ಹಿಡಿ, ಒರೆ ಎಂದು ಮೂರು ಸಾಲು ಬರೆದು ಪ್ರತಿ ಸಾಲಿನಲ್ಲೂ ಕಾಲವನ್ನೂ ಆ ಕಾಲಕ್ಕೆ ಆಧಾರವಾದ ಲಕ್ಷಣವನ್ನೂ ನಮೂದಿಸಿ. ಸೋಲಿಂಗೆನ್‌ನ ಅಲಗು ಸಂಗ್ರಹಾಲಯ, ಮ್ಯೂನಿಕ್‌ನ ಬೇಟೆ ಮತ್ತು ಮೀನುಗಾರಿಕೆ ಸಂಗ್ರಹಾಲಯ, ಪ್ಯಾರಿಸ್ಸಿನ ಬೇಟೆ ಮತ್ತು ನಿಸರ್ಗ ಸಂಗ್ರಹಾಲಯಗಳಲ್ಲಿರುವ ಕತ್ತಿಗಳೊಂದಿಗೆ ಹೋಲಿಸಿ ನೋಡುವಾಗ ಈ ಮೂರು ಸಾಲುಗಳನ್ನು ಒಂದೊಂದಾಗಿಯೇ ತಾಳೆ ಹಾಕಿ. ಒಂದು ಸಾಲು ತಪ್ಪೆಂದು ಗೊತ್ತಾದರೆ ಅದನ್ನಷ್ಟೇ ಹೊಡೆದು ತಿದ್ದಿ, ತಿದ್ದಿದ ದಿನಾಂಕ ಹಾಕಿ, ಹಳೆಯ ಬರಹ ಓದಲು ಬರುವಂತೆಯೇ ಬಿಡಿ.